ಅಣ್ಣ ಸಿಗದಿದ್ದರೆ ತಮ್ಮ

ಮಂಗಳೂರಿನ ಫಳ್ನೀರಿನ ಸಲೂನಿನಲ್ಲಿ ಒಬ್ಬರ ಕೂದಲು ಕತ್ತರಿಸಿ ಮುಗಿಯುವಷ್ಟರಲ್ಲಿ ದೇಶದ ಸಮಸ್ಯೆಗಳೆಲ್ಲ ಬಗೆಹರಿಯುತ್ತವೆ. ಮೊನ್ನೆ ಮಾತು ಶುರುವಾದದ್ದು ರಸ್ತೆ ಅಗೆದು ಹಾಗೇ ಬಿಟ್ಟದ್ದರಿಂದ. ಅಲ್ಲಿಂದ ಪಾಲಿಕೆಗೆ ಹೋಗಿ, ಪಾಲಿಕೆಯಿಂದ ರಾಜಕಾರಣಿಗಳಿಗೆ ಏರಿ, ಕೊನೆಗೆ ಬಿಳಿ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತಿದ್ದವರು ಕನ್ನಡಿ ನೋಡಿಕೊಂಡೇ ತೀರ್ಪು ಕೊಟ್ಟರು: “ಈ ದೇಶಕ್ಕೆ ಒಬ್ಬ ಸರ್ವಾಧಿಕಾರಿಯೇ ಬರಬೇಕು ಮಾರಾಯ್ರೆ. ಒಂದೈದು ವರ್ಷ ಸಾಕು, ಎಲ್ಲ ಸರಿಯಾಗ್ತದೆ.” ಬೆಂಚಿನಲ್ಲಿ ಪೇಪರ್ ಹಿಡಿದಿದ್ದ ಹಿರಿಯರು ತಲೆಯೆತ್ತಿ, “ಎಮರ್ಜೆನ್ಸಿಯಲ್ಲಿ ರೈಲು ಟೈಮಿಗೆ ಸರಿಯಾಗಿ ಬರ್ತಿತ್ತು” ಎಂದರು.

ರೈಲಿನ ಈ ಮಾತು ದೇಶದ ಎಲ್ಲ ಊರುಗಳಲ್ಲೂ ಕೇಳಿಬರುತ್ತದೆ. ಮಂಗಳೂರಿನವರು ಹೇಳಿದಾಗ ಮಾತ್ರ ನಗು ತಡೆಯುವುದು ಕಷ್ಟ. ಹಾಸನದಿಂದ ಘಟ್ಟ ಇಳಿದು ಇಲ್ಲಿಗೆ ಬರುವ ರೈಲುಹಾದಿ ಪೂರ್ತಿಯಾದದ್ದೇ 1979ರಲ್ಲಿ, ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವಾದ ಮೇಲೆ. ಇರಲಿ, ಕೇರಳದ ಕಡೆಯಿಂದ ಬರುವ ರೈಲುಗಳಾದರೂ ಹೊತ್ತಿಗೆ ಸರಿಯಾಗಿ ಬಂದಿರಬಹುದು. ನನ್ನ ತಕರಾರು ರೈಲಿನದ್ದಲ್ಲ. ‘ಐದು ವರ್ಷ ಸಾಕು’ ಎನ್ನುವವರು ಒಂದು ವಿಷಯ ಯೋಚಿಸಿರುವುದಿಲ್ಲ: ಐದನೇ ವರ್ಷದ ಕೊನೆಯಲ್ಲಿ ಆತನಿಗೆ ‘ಇನ್ನು ಸಾಕು, ಇಳಿಯಿರಿ’ ಎಂದು ಹೇಳಲು ಯಾರು ಉಳಿದಿರುತ್ತಾರೆ?

ಎದುರು ಮಾತನಾಡುವವರನ್ನು ಇಲ್ಲವಾಗಿಸುವುದು ಎಂದರೆ ಸಿನಿಮಾ ನೋಡಿ ಬೆಳೆದ ನಮಗೆ ಗೋಡೆಗೆ ನಿಲ್ಲಿಸಿ ಗುಂಡಿಕ್ಕುವ ಚಿತ್ರ ಕಣ್ಣಿಗೆ ಬರುತ್ತದೆ. ಅದೂ ಉಂಟು. 1937 ಮತ್ತು 1938, ಈ ಎರಡೇ ವರ್ಷಗಳಲ್ಲಿ ಸ್ಟಾಲಿನ್ ಸರ್ಕಾರ ಗುಂಡಿಕ್ಕಿ ಕೊಂದವರ ಲೆಕ್ಕ ಆ ಸರ್ಕಾರದ ಪೊಲೀಸರ ಕಡತಗಳಲ್ಲೇ ಸುಮಾರು 6.8 ಲಕ್ಷ. ಆದರೆ ಗುಂಡು ಈ ಕೆಲಸದ ಕೊನೆಯ ಭಾಗ. ಅದಕ್ಕಿಂತ ಮೊದಲಿನದೆಲ್ಲ ನಡೆಯುವುದು ಕಚೇರಿಗಳಲ್ಲಿ, ಕಾಗದದ ಮೇಲೆ, ಸೀಲು ಸಹಿಗಳೊಂದಿಗೆ. ಅಲ್ಲಿ ಗುರಿಯಾಗುವವರು ಎದುರಾಳಿಗಿಂತ ಹೆಚ್ಚಾಗಿ ಅವನ ಸುತ್ತಲಿನವರು. ಅವನ ಪರ ವಾದಿಸುವ ವಕೀಲ, ವಾದ ಕೇಳುವ ಜಡ್ಜ್, ಸುದ್ದಿ ಅಚ್ಚು ಮಾಡುವವ, ರಾತ್ರಿ ಮಲಗಲು ಜಾಗ ಕೊಟ್ಟವ, ಹೆಂಡತಿ, ತಮ್ಮ. ಇದನ್ನು ತಿಳಿಯಲು ಮಾಸ್ಕೋಗೋ ಬರ್ಲಿನ್ನಿಗೋ ಹೋಗಬೇಕಿಲ್ಲ. ಮಂಗಳೂರಿನದೇ ಒಂದು ಕೊಂಕಣಿ ಕ್ರೈಸ್ತ ಮನೆತನದ ಕತೆ ಸಾಕು.

ಜಾನ್ ಜೋಸೆಫ್ ಫೆರ್ನಾಂಡಿಸ್ ಮತ್ತು ಆಲಿಸ್ ದಂಪತಿಗೆ ಆರು ಗಂಡುಮಕ್ಕಳು. ದೊಡ್ಡವ ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು. ಬ್ರಿಟನ್ನಿನ ರಾಜ ಐದನೇ ಜಾರ್ಜ್ ಹುಟ್ಟಿದ ತಾರೀಖೂ ಅದೇ ಆದ್ದರಿಂದ ತಾಯಿ ಮಗನಿಗೆ ರಾಜನ ಹೆಸರಿಟ್ಟರು. ಮಗ ರಾಜರ ದಾರಿ ಹಿಡಿಯಲಿಲ್ಲ. ಸಂತ ಅಲೋಶಿಯಸ್‌ನಲ್ಲಿ ಓದಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋಗಿ, ಅಲ್ಲಿಂದ ಹೊರಬಿದ್ದು, ಮಂಗಳೂರಿನ ಹೋಟೆಲು ಮಾಣಿಗಳನ್ನೂ ಬಸ್ಸು ಕಾರ್ಮಿಕರನ್ನೂ ಸಂಘಟಿಸತೊಡಗಿದ. 1949ರಲ್ಲಿ ಮುಂಬಯಿಗೆ ಹೋಗಿ ಇದೇ ಊರಿನ ಪ್ಲಾಸಿಡ್ ಡಿಮೆಲ್ಲೋ ಅವರ ಬಂದರು ಕಾರ್ಮಿಕ ಸಂಘದಲ್ಲಿ ಪಳಗಿದ. 1974ರ ಮೇ ತಿಂಗಳಲ್ಲಿ ರೈಲ್ವೆ ನೌಕರರ ಮಹಾಮುಷ್ಕರ ನಡೆದಾಗ ಅದರ ಮುಂಚೂಣಿಯಲ್ಲಿದ್ದವರು ಈ ಜಾರ್ಜ್ ಫೆರ್ನಾಂಡಿಸ್. ಎಮರ್ಜೆನ್ಸಿಯ ಶಿಸ್ತಿಗೆ ರೈಲನ್ನೇ ಉದಾಹರಣೆ ಕೊಡುವುದರ ಹಿಂದೆ ಈ ಮುಷ್ಕರದ ನೆನಪೂ ಇದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಬೆಳಗಾಗುವಷ್ಟರಲ್ಲಿ ಜಯಪ್ರಕಾಶ್ ನಾರಾಯಣ್, ಮೊರಾರ್ಜಿ ದೇಸಾಯಿ ಬಂಧನದಲ್ಲಿದ್ದರು. ಒಡಿಶಾದ ಗೋಪಾಲಪುರ ಕಡಲತೀರದಲ್ಲಿದ್ದ ಜಾರ್ಜ್ ಮಾತ್ರ ಪೊಲೀಸರ ಕೈಗೆ ಸಿಗದೆ ಭೂಗತರಾದರು. ಗಡ್ಡ ಬಿಟ್ಟು ಪೇಟ ಸುತ್ತಿ ಸಿಖ್ಖನಾಗಿ ಊರೂರು ತಿರುಗಿದರು. ಸುಮಾರು ಒಂದು ವರ್ಷ ಅವರನ್ನು ಹಿಡಿಯಲಾಗಲಿಲ್ಲ.

ಹಾಗಾಗಿ 1976ರ ಮೇ 1ರ ರಾತ್ರಿ ಪೊಲೀಸರು ಬೆಂಗಳೂರಿನ ಮನೆಯಿಂದ ತಮ್ಮ ಲಾರೆನ್ಸ್ ಅವರನ್ನು ಕರೆದೊಯ್ದರು. ಇನ್ನೊಬ್ಬ ತಮ್ಮ, ಬೆಂಗಳೂರಿನ ಕಾರ್ಮಿಕ ನಾಯಕ ಮೈಕೆಲ್, ಅಷ್ಟರಲ್ಲೇ ಮೀಸಾ ಎಂಬ ಆಂತರಿಕ ಭದ್ರತಾ ಕಾಯ್ದೆಯಡಿ ಜೈಲಿನಲ್ಲಿದ್ದರು. ಲಾರೆನ್ಸ್ ಮೇಲೆ ಹೊರಿಸಲು ಏನೂ ಇರಲಿಲ್ಲ. ಸಿಒಡಿ ಪೊಲೀಸರಿಗೆ ಬೇಕಿದ್ದದ್ದು ಒಂದೇ ಉತ್ತರ: ಅಣ್ಣ ಎಲ್ಲಿ? ಆಮೇಲೆ ತಾಯಿ ಆಲಿಸ್ ರಾಷ್ಟ್ರಪತಿಗೆ ಬರೆದ ಪತ್ರ ಸಂಕಟದ ಪತ್ರಗಳ ಪೈಕಿ ಅಪರೂಪದ್ದು, ಏಕೆಂದರೆ ಅದರಲ್ಲಿ ಅಳುವಿಗಿಂತ ವಿವರ ಹೆಚ್ಚು. ಬೆಳಗಿನ ಜಾವದ ತನಕ ಹೊಡೆದದ್ದು, ಹೊಡೆಯುವ ಮರದ ದೊಣ್ಣೆಗಳು ಒಂದಾದ ಮೇಲೊಂದು ಮುರಿದದ್ದು, ಆಲದ ಬಿಳಲನ್ನೂ ಬಳಸಿದ್ದು, ರೈಲು ಹಳಿಯ ಮೇಲೆ ಎಸೆಯುತ್ತೇವೆಂದು ಬೆದರಿಸಿದ್ದು, ಎಲ್ಲವೂ ಅಲ್ಲಿದೆ. ಕೊನೆಗೂ ಜೈಲಿನಲ್ಲಿ ಮಗನನ್ನು ಕಂಡಾಗ ಅವನ ದೇಹದ ಎಡಭಾಗ ಸ್ವಾಧೀನ ತಪ್ಪಿದಂತಿತ್ತು, ಇಬ್ಬರು ಹಿಡಿದುಕೊಳ್ಳದೆ ನಡೆಯಲಾಗುತ್ತಿರಲಿಲ್ಲ ಎಂದು ಆಕೆ ಬರೆದಿದ್ದಾರೆ.

ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಹೊಡೆತಗಳಲ್ಲ, ತಾರೀಖುಗಳು. ಮೇ 1ರ ರಾತ್ರಿ ಬೆಂಗಳೂರಿನ ಮನೆಯಿಂದ ಹೋದವರನ್ನು ದಾವಣಗೆರೆಯ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದು ಹತ್ತು ದಿನ ಕಳೆದ ಮೇಲೆ. ಪೊಲೀಸರ ದಾಖಲೆಯಲ್ಲಿ ಲಾರೆನ್ಸ್ ಸಿಕ್ಕಿಬಿದ್ದದ್ದು ಚಿತ್ರದುರ್ಗದಲ್ಲಿ, ಆಗಷ್ಟೇ. ಅಂದರೆ ಆ ಹತ್ತು ದಿನ ಅವರು ಎಲ್ಲಿಯೂ ಇರಲಿಲ್ಲ. ಯಾವ ಠಾಣೆಯ ಪುಸ್ತಕದಲ್ಲೂ ಅವರ ಹೆಸರಿಲ್ಲ, ಹೆಸರಿಲ್ಲದವನಿಗೆ ವಕೀಲನಿಲ್ಲ, ಡಾಕ್ಟರಿಲ್ಲ, ಹೊಡೆದವನೂ ಇಲ್ಲ. ಠಾಣೆಯ ರೈಟರ್ ಒಬ್ಬ ತಾರೀಖು ಬರೆಯದೇ ಇದ್ದರೆ ಅಷ್ಟೇ ಸಾಕು. ಇಂಥ ಕೆಲಸಕ್ಕೆ ಕ್ರೂರಿಗಳು ಒಂದು ಕೈಯಲ್ಲಿ ಎಣಿಸುವಷ್ಟಿದ್ದರೆ ಆಗುತ್ತದೆ. ಉಳಿದವರು ಹೇಳಿದಷ್ಟು ಬರೆಯುವ, ಬೇಡವೆಂದದ್ದನ್ನು ಬರೆಯದ, ಸಂಜೆ ಮನೆಗೆ ಹೋಗಿ ಮಕ್ಕಳ ಹೋಂವರ್ಕ್ ನೋಡುವ ನೌಕರರಾಗಿದ್ದರೆ ಸಾಕು.

ಲಾರೆನ್ಸ್ ಅವರನ್ನು ಎತ್ತಿಕೊಂಡು ಹೋದ ಮರುದಿನ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದವರು, ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ. ಇಬ್ಬರೂ ಲೋಹಿಯಾವಾದಿಗಳು, ಜಾರ್ಜ್ ಅವರ ಗೆಳೆಯರು. ಡೈನಮೈಟ್ ಸಿಡಿಸಲು ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಜಾರ್ಜ್ ಸೇರಿ 25 ಮಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿದಾಗ ಅದರಲ್ಲಿ ಸ್ನೇಹಲತಾ ಹೆಸರಿರಲಿಲ್ಲ. ಆದರೂ ಬಿಡಲಿಲ್ಲ. ಮೀಸಾ ಇತ್ತಲ್ಲ, ಅದಕ್ಕೆ ಆರೋಪವೇ ಬೇಕಿರಲಿಲ್ಲ. ಬೆಂಗಳೂರು ಸೆಂಟ್ರಲ್ ಜೈಲಿನ ಒಂಟಿ ಕೋಣೆಯಲ್ಲಿ ಆಸ್ತಮಾದಿಂದ ಏದುಸಿರು ಬಿಡುತ್ತಲೇ ಆಕೆ ದಿನಚರಿ ಬರೆದರು, ಮಹಿಳಾ ಕೈದಿಗಳಿಗೆ ಹೊಡೆಯುವುದರ ವಿರುದ್ಧ ಜಗಳವಾಡಿದರು, ಅವರಿಗೆ ಹಾಡು ನಾಟಕ ಕಲಿಸಿದರು. ಅದೇ ಜೈಲಿನಲ್ಲಿದ್ದ ಸಂಸದ ಮಧು ದಂಡವತೆ ರಾತ್ರಿ ಆಕೆಯ ಕಿರುಚಾಟ ಕೇಳಿಸುತ್ತಿತ್ತೆಂದು ಮುಂದೆ ನೆನಪಿಸಿಕೊಂಡಿದ್ದಾರೆ. ಇನ್ನು ಉಳಿಯಲಾರರು ಎಂದಾದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಿಟ್ಟರು. ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಜಾರ್ಜ್ ಸಿಕ್ಕಿಬಿದ್ದದ್ದು 1976ರ ಜೂನ್ 10ರಂದು, ಕಲ್ಕತ್ತದಲ್ಲಿ. ಅವರಿಗೆ ಲಾರೆನ್ಸ್‌ಗೆ ಆದದ್ದು ಆಗಲಿಲ್ಲ. ಜಗತ್ತಿನ ಕಾರ್ಮಿಕ ಸಂಘಟನೆಗಳು, ಆಮ್ನೆಸ್ಟಿಯಂಥ ಸಂಸ್ಥೆಗಳು ಅವರ ಮೇಲೆ ಕಣ್ಣಿಟ್ಟಿದ್ದವು. ಬೇಡಿ ಹಾಕಿದ ಕೈಯನ್ನು ಮೇಲೆತ್ತಿದ ಅವರ ಫೋಟೋ ನಾವೆಲ್ಲ ಕಂಡಿದ್ದೇವೆ. ಹೆಸರಿದ್ದವನಿಗೆ ಆ ಹೆಸರೇ ಸ್ವಲ್ಪ ಕಾವಲು. ತಮ್ಮನಿಗೆ, ಗೆಳತಿಗೆ ಆ ಕಾವಲಿಲ್ಲ. ಅದು ಗೊತ್ತಿದ್ದೇ ಅಧಿಕಾರ ಅವರ ಕಡೆಗೆ ತಿರುಗುತ್ತದೆ. ಜೀವದ ಹಂಗು ತೊರೆದವನನ್ನು ಹೆದರಿಸುವುದು ಕಷ್ಟ; ತಾಯಿ, ಹೆಂಡತಿ, ತಮ್ಮಂದಿರ ಹಂಗು ತೊರೆದವರು ಎಷ್ಟು ಜನ ಸಿಗುತ್ತಾರೆ?

ಸ್ಟಾಲಿನ್ ಇದನ್ನು ಗುಟ್ಟಾಗಿ ಕೂಡ ಇಡಲಿಲ್ಲ, ನಿಯಮವನ್ನಾಗಿಯೇ ಮಾಡಿದ. 1937ರ ಆಗಸ್ಟ್‌ನಲ್ಲಿ ಹೊರಟ ಪೊಲೀಸ್ ಆದೇಶವೊಂದು ‘ದೇಶದ್ರೋಹಿ’ಗಳ ಹೆಂಡತಿಯರಿಗೆ ಐದರಿಂದ ಎಂಟು ವರ್ಷ ಶ್ರಮಶಿಬಿರ ಎಂದು ಗೊತ್ತುಮಾಡಿತು, ಅವರಿಗೆಂದೇ ಕಜಕಸ್ತಾನದಲ್ಲಿ ಶಿಬಿರ ಕಟ್ಟಿದ್ದರು. ಹಿಟ್ಲರ್ 1944ರ ಜುಲೈನಲ್ಲಿ ತನ್ನ ಮೇಲೆ ಬಾಂಬ್ ದಾಳಿಯಾದಾಗ ಸಂಚುಕೋರರ ನೆಂಟರಿಷ್ಟರನ್ನೂ ಹಿಡಿಸಿದ. ಅರ್ಜೆಂಟೀನಾದಲ್ಲಿ 1976ರ ಮಾರ್ಚಿನಲ್ಲಿ ಸೈನ್ಯ ಅಧಿಕಾರ ಕಸಿದುಕೊಂಡ ಮೇಲೆ ಸಾವಿರಾರು ಯುವಕರು ಕಾಣೆಯಾದರು. ಆಲಿಸ್ ಫೆರ್ನಾಂಡಿಸ್ ಪತ್ರ ಬರೆದ ಹಾಗೆ ಅಲ್ಲಿನ ತಾಯಂದಿರೂ ಅರ್ಜಿ ಬರೆದು ಸೋತು, 1977ರ ಏಪ್ರಿಲ್‌ನಿಂದ ರಾಜಧಾನಿಯ ಮೇಯೋ ಚೌಕದಲ್ಲಿ ಸೇರತೊಡಗಿದರು. ಆ ವರ್ಷ ಮುಗಿಯುವ ಮೊದಲೇ ಅವರಲ್ಲಿ ಮುಂದಾಳುಗಳಾಗಿದ್ದ ಮೂವರು ತಾಯಂದಿರನ್ನೇ ಕಾಣೆ ಮಾಡಲಾಯಿತು. ನಮ್ಮ ಎಮರ್ಜೆನ್ಸಿಯನ್ನು ಇವುಗಳ ಸಾಲಿಗೆ ನಿಲ್ಲಿಸುವುದು ಪ್ರಮಾಣದ ದೃಷ್ಟಿಯಿಂದ ತಪ್ಪು. ಇಲ್ಲಿ ಲಕ್ಷಗಟ್ಟಲೆ ಹೆಣ ಬೀಳಲಿಲ್ಲ, ಆಲಿಸ್ ಅವರನ್ನು ಯಾರೂ ಕಾಣೆ ಮಾಡಲಿಲ್ಲ, ಕೊನೆಗೆ ಚುನಾವಣೆಯೂ ನಡೆಯಿತು. ಆದರೆ ಬಳಸಿದ ಉಪಕರಣಗಳು ಒಂದೇ ಪೆಟ್ಟಿಗೆಯವು.

ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಂತೂ ಕಾಣೆಯಾಗುವುದೂ ಆಯಿತು. ಕಲ್ಲಿಕೋಟೆಯ ರೀಜನಲ್ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು 1976ರ ಮಾರ್ಚ್ 1ರಂದು ಪೊಲೀಸರು ಕಕ್ಕಯಂ ಶಿಬಿರಕ್ಕೆ ಒಯ್ದರು. ಶವ ಕೂಡ ಸಿಗಲಿಲ್ಲ. ತಂದೆ ಈಚರ ವಾರಿಯರ್ ಹೈಕೋರ್ಟಿಗೆ ಹೋಗಲು ಎಮರ್ಜೆನ್ಸಿ ಮುಗಿಯುವ ತನಕ ಕಾಯಬೇಕಾಯಿತು. ಆ ಪ್ರಕರಣದಲ್ಲಿ ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಟ್ಟರು.

ಯಾಕೆ ಕಾಯಬೇಕಾಯಿತು ಎಂಬುದೇ ಈ ಕತೆಯ ನಡುಮನೆ. ಒಬ್ಬನನ್ನು ಹಿಡಿದು ಕೂಡಿಟ್ಟಾಗ ‘ಅವನನ್ನು ತಂದು ತೋರಿಸಿ, ಯಾಕೆ ಹಿಡಿದಿರಿ ಹೇಳಿ’ ಎಂದು ಕೇಳುವ ಬಾಗಿಲು ನ್ಯಾಯಾಲಯದ್ದು. ಅದನ್ನು ಮುಚ್ಚದೆ ಬೇರೆ ಯಾವುದನ್ನು ಮುಚ್ಚಿದರೂ ಪ್ರಯೋಜನವಿಲ್ಲ. ಆ ಬಾಗಿಲು ಮುಚ್ಚುವ ಕೆಲಸ 1975ಕ್ಕೂ ಎರಡು ವರ್ಷ ಮೊದಲೇ ಶುರುವಾಗಿತ್ತು, ಅದರ ಒಂದೆರಡು ಎಳೆಗಳು ನಮ್ಮ ಊರುಗಳಿಂದಲೇ ಹೊರಟವು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಭೂಮಿಯ ವಿಷಯದಲ್ಲಿ ಕೇರಳ ಸರ್ಕಾರದ ವಿರುದ್ಧ ಹೂಡಿದ ದಾವೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಕೆಡವುವಂತಿಲ್ಲ ಎಂದಿತು. ಮರುದಿನವೇ ಸರ್ಕಾರ ಜ್ಯೇಷ್ಠತೆಯಲ್ಲಿ ಮುಂದಿದ್ದ ಮೂವರು ನ್ಯಾಯಮೂರ್ತಿಗಳನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಿಕೊಂಡ ಮೂವರಲ್ಲಿ ಒಬ್ಬರು ಕಾರ್ಕಳ ಕಡೆಯ, ನಿಟ್ಟೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಬಿಸಾಡಿ ಹೊರನಡೆದರು. ದೇರಳಕಟ್ಟೆಯ ಆಸ್ಪತ್ರೆಯ ಬೋರ್ಡಿನಲ್ಲಿ ದಿನಾ ಕಾಣುವ ಹೆಸರು ಇವರದೇ. ಒಳಗೆ ಹೋಗುವವರಿಗೆ ಅವರವರ ಚಿಂತೆ, ಈ ಕತೆ ಯಾರಿಗೆ ಬೇಕು.

ಎಮರ್ಜೆನ್ಸಿ ಬಂದಾಗ ಎಲ್.ಕೆ. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿನಲ್ಲಿದ್ದರು. ಜೂನ್ 26ರ ಬೆಳಿಗ್ಗೆ ಅಲ್ಲೇ ಬಂಧನ, ಅಲ್ಲೇ ಜೈಲು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಜೀವದ ಹಕ್ಕನ್ನೇ ಕೋರ್ಟಿನಲ್ಲಿ ಕೇಳುವಂತಿಲ್ಲ ಎಂದು ಜೂನ್ 27ರಂದೇ ರಾಷ್ಟ್ರಪತಿಯ ಆದೇಶ ಹೊರಟಿತ್ತು. ಬಂಧನದ ಕಾರಣ ಹೇಳಬೇಕಾಗಿಲ್ಲ ಎಂದು ಮೀಸಾಕ್ಕೆ ತಿದ್ದುಪಡಿಯೂ ಆಗಿತ್ತು. ಹಾಗಿದ್ದೂ ಕರ್ನಾಟಕ ಹೈಕೋರ್ಟು ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಂಡಿತು. ಬೇರೆ ಎಂಟು ಹೈಕೋರ್ಟುಗಳೂ ಇದೇ ನಿಲುವು ತಳೆದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು–ಒಂದರ ಬಹುಮತದಿಂದ ಒಂಬತ್ತೂ ಹೈಕೋರ್ಟುಗಳನ್ನು ತಳ್ಳಿಹಾಕಿತು. ಒಪ್ಪದ ಒಬ್ಬರು ಎಚ್.ಆರ್. ಖನ್ನಾ. ಲಾರೆನ್ಸ್ ಅವರನ್ನು ಪೊಲೀಸರು ಒಯ್ದದ್ದು ಈ ತೀರ್ಪು ಬಂದ ಮೂರೇ ದಿನಕ್ಕೆ. ಒಂದರಿಂದ ಇನ್ನೊಂದಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮೂರು ದಿನಗಳ ಹಿಂದಿನ ಪೊಲೀಸನಿಗೆ ಹೈಕೋರ್ಟು ಕೇಳೀತೆಂಬ ಸಣ್ಣ ಅಳುಕಾದರೂ ಇರಬಹುದಿತ್ತು.

ಆಮೇಲೆ ಬಂದದ್ದು ವರ್ಗಾವಣೆ. 1976ರಲ್ಲಿ ದೇಶದ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಒಪ್ಪಿಗೆ ಕೇಳದೆ ಬೇರೆ ರಾಜ್ಯಗಳಿಗೆ ಕಳಿಸಿದರು. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಾಟಿಗೆ. ಕೆಲಸದಿಂದ ತೆಗೆದಿಲ್ಲ, ಸಂಬಳ ಕಡಿದಿಲ್ಲ, ಬಯ್ದಿಲ್ಲ. ಸರ್ಕಾರಿ ನೌಕರಿಯಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ, ವರ್ಗಾವಣೆ ಆದೇಶ ಒಂದೇ ಹಾಳೆಯದ್ದು, ಆದರೆ ಅದನ್ನು ಇಡೀ ಕಚೇರಿ ಓದುತ್ತದೆ. ಖನ್ನಾ ಅವರನ್ನು 1977ರ ಜನವರಿಯಲ್ಲಿ ದಾಟಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಅವರೂ ರಾಜೀನಾಮೆ ಕೊಟ್ಟರು.

ಪತ್ರಿಕೆಗಳ ವಿಷಯದಲ್ಲಿ ಇಷ್ಟು ಶ್ರಮವೂ ಬೇಕಾಗಲಿಲ್ಲ. ಮೊದಲ ರಾತ್ರಿ ದೆಹಲಿಯ ಪತ್ರಿಕಾ ಬೀದಿಗೆ ಕರೆಂಟ್ ತೆಗೆದರು. ಬೇರೆ ಕಡೆಯಿಂದ ವಿದ್ಯುತ್ ಬರುತ್ತಿದ್ದ ಒಂದೆರಡು ಪತ್ರಿಕೆಗಳು ಮಾತ್ರ ಹೇಗೋ ಅಚ್ಚಾದವು. ಆಮೇಲೆ ಸೆನ್ಸಾರ್ ಅಧಿಕಾರಿಗಳು ಬಂದರು. ನಾಲ್ಕು ಸುದ್ದಿಸಂಸ್ಥೆಗಳನ್ನು ಒಂದಾಗಿಸಿ ‘ಸಮಾಚಾರ್’ ಎಂದು ಹೆಸರಿಟ್ಟರು. ಕರಾವಳಿಯ ಸಾಹಿತ್ಯಲೋಕದಿಂದ ಬಂದ ದೊಡ್ಡ ಪ್ರತಿಭಟನೆ ಶಿವರಾಮ ಕಾರಂತರದ್ದು: ಕೇಂದ್ರ ಸರ್ಕಾರ ಕೊಟ್ಟ ಪದ್ಮಭೂಷಣವನ್ನು ಅವರು ಹಿಂತಿರುಗಿಸಿದರು. ಜೈಲಿಗೆ ಹೋದವರೂ ಇದ್ದರು, ಉಡುಪಿಯ ವಿ.ಎಸ್. ಆಚಾರ್ಯರಂತೆ. ಎಮರ್ಜೆನ್ಸಿಯ ಅತಿರೇಕಗಳ ತನಿಖೆಗೆ ಆಮೇಲೆ ನೇಮಿಸಿದ ಶಾ ಆಯೋಗದ ಲೆಕ್ಕದಲ್ಲಿ ದೇಶಾದ್ಯಂತ ಮೀಸಾದಡಿ ಬಂಧಿತರಾದವರು 34,988, ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರು 75,818.

ಸರ್ವಾಧಿಕಾರಿ ವಿರೋಧ ಪಕ್ಷಕ್ಕಿಂತ ಹೆಚ್ಚು ಹೆದರುವುದು ತನ್ನ ಪಕ್ಷದವರಿಗೆ ಎಂಬುದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ವಿರೋಧ ಪಕ್ಷದವನಿಗೆ ಕುರ್ಚಿ ದೂರ. ಪಕ್ಕದಲ್ಲಿ ಕೂತವನಿಗೆ ಹತ್ತಿರ. 1934ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ ಆರಿಸಿದ ಕೇಂದ್ರ ಸಮಿತಿಯಲ್ಲಿ 139 ಮಂದಿಯಿದ್ದರು. ಅವರಲ್ಲಿ 98 ಮಂದಿಯನ್ನು ಸ್ಟಾಲಿನ್ ಕೊಲ್ಲಿಸಿದ್ದನೆಂದು ಕ್ರುಶ್ಚೇವ್ 1956ರಲ್ಲಿ ಬಯಲು ಮಾಡಿದರು. ಹಿಟ್ಲರ್ 1934ರ ಜೂನ್ 30ರ ರಾತ್ರಿ ಕೊಲ್ಲಿಸಿದ್ದು ತನ್ನನ್ನು ಮೇಲೆ ತಂದ, ರೋಮ್ ಎಂಬ ನಾಯಕನ ಪಡೆಯ ಮುಂದಾಳುಗಳನ್ನು. ಇಲ್ಲಿ ಕೊಲೆಯಾಗಲಿಲ್ಲ. ಆದರೆ ಮೊದಲ ರಾತ್ರಿಯ ಬಂಧನದ ಪಟ್ಟಿಯಲ್ಲಿ ಕಾಂಗ್ರೆಸ್ ಕಾರ್ಯಸಮಿತಿಯ ಸದಸ್ಯರೇ ಆಗಿದ್ದ ಚಂದ್ರಶೇಖರ್, ಅದೇ ಪಕ್ಷದ ರಾಮ್ ಧನ್ ಇದ್ದರು. ಅದನ್ನು ಕಂಡ ಮೇಲೆ ಪಕ್ಷದೊಳಗೆ ಬಾಯಿ ಬಿಟ್ಟವರು ಕಡಿಮೆ.

ಇನ್ನು ಸಲೂನಿನ ಬೆಂಚಿನಲ್ಲಿದ್ದ ಹಿರಿಯರ ಬಗ್ಗೆ. ಅವರನ್ನು ಗೇಲಿ ಮಾಡಿ ಮುಂದೆ ಹೋಗುವುದು ಸುಲಭ, ಆದರೆ ಅವರೊಬ್ಬರೇ ಅಲ್ಲ. 1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಗುಡಿಸಿ ಹಾಕಿತು, ರಾಯ್‌ಬರೇಲಿಯಲ್ಲಿ ಅವರೇ ಸೋತರು, ಜೈಲಿನೊಳಗಿಂದಲೇ ನಿಂತ ಜಾರ್ಜ್ ಬಿಹಾರದ ಮುಜಫ್ಫರಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆದರೆ ಲಾರೆನ್ಸ್‌ಗೆ ಹೊಡೆದ, ಸ್ನೇಹಲತಾರನ್ನು ಸಾಯಿಸಿದ ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ! ಜಾರ್ಜ್ ಹುಟ್ಟಿದ ಮಂಗಳೂರಿನಿಂದ ಗೆದ್ದದ್ದು ಕಾಂಗ್ರೆಸ್ಸಿನ ಜನಾರ್ದನ ಪೂಜಾರಿ. ಜನತಾ ಪಕ್ಷಕ್ಕೆ ಸಿಕ್ಕಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಅಲ್ಲಿ ಗೆದ್ದವರು ಅದೇ ಕೆ.ಎಸ್. ಹೆಗ್ಡೆ. ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಬಂದು ನಿಂತಾಗ ಅವರ ವಿರುದ್ಧ ಪ್ರಚಾರಕ್ಕೆ ಜಾರ್ಜ್ ಘಟ್ಟವೆಲ್ಲ ತಿರುಗಿದರು. ಗೆದ್ದವರು ಇಂದಿರಾ.

ಇದಕ್ಕೆ ಉತ್ತರ ಹುಡುಕಬೇಕಾದದ್ದು ಗದ್ದೆಗಳಲ್ಲಿ. ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಗಿತ್ತು. ದಕ್ಷಿಣ ಕನ್ನಡದಷ್ಟು ಗೇಣಿ ಒಕ್ಕಲುಗಳಿದ್ದ ಜಿಲ್ಲೆಗಳು ರಾಜ್ಯದಲ್ಲಿ ಕಡಿಮೆ. ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲ್ ಮುಂದೆ ನಿಂತು, ತಲೆತಲಾಂತರದಿಂದ ಧಣಿಗೆ ಗೇಣಿ ಅಳೆದವರು ಭೂಮಿಯ ಒಡೆಯರಾದದ್ದು ಇದೇ ವರ್ಷಗಳಲ್ಲಿ. ಅವರ ಮಟ್ಟಿಗೆ ಎಮರ್ಜೆನ್ಸಿ ಎಂದರೆ ಪಹಣಿಯಲ್ಲಿ ಹೆಸರು ಬಂದ ಕಾಲ. ಅವರಿಗೆ ಕೃತಘ್ನತೆ ಕಲಿಸಲು ನಾನು ಯಾರು? ಆದರೆ ಒಂದು ಮಾತು ಹೇಳಲೇಬೇಕು. ಆ ಕಾಯ್ದೆ ಬಂದದ್ದು ಎಮರ್ಜೆನ್ಸಿಗೆ ಮೊದಲು, ಚುನಾಯಿತ ವಿಧಾನಸಭೆಯಲ್ಲಿ, ಜಗಳ ಚರ್ಚೆ ನಡೆದು. ಭೂಮಿ ಕೊಡಲು ಲಾರೆನ್ಸ್‌ಗೆ ಹೊಡೆಯಬೇಕಿರಲಿಲ್ಲ. ಎರಡೂ ಒಂದೇ ಸರ್ಕಾರದ ಕಾಲದಲ್ಲಿ ನಡೆದವು ಎಂಬುದರಿಂದ ಒಂದು ಇನ್ನೊಂದರ ಬೆಲೆಯಾಗುವುದಿಲ್ಲ. ನಿರಂಕುಶ ಅಧಿಕಾರ ನಿಂತಿರುವುದೇ ಹೀಗೆ: ಹತ್ತು ಮನೆಯಲ್ಲಿ ಒಂದು ಮನೆಗೆ ರಾತ್ರಿ ಜೀಪು ಬರುತ್ತದೆ, ಉಳಿದ ಒಂಬತ್ತಕ್ಕೆ ಏನೂ ಆಗುವುದಿಲ್ಲ, ಕೆಲವಕ್ಕೆ ಒಳ್ಳೆಯದೂ ಆಗುತ್ತದೆ. ಪತ್ರಿಕೆಯಲ್ಲಿ ಆ ಒಂದು ಮನೆಯ ಸುದ್ದಿ ಬರದಿದ್ದರೆ ಮುಗಿಯಿತು. ಲಾರೆನ್ಸ್ ಸುದ್ದಿ ಮಂಗಳೂರಿಗೆ ಬಂದದ್ದು ಪಿಸುಮಾತಾಗಿ.

ಬಾಯಿ ಮುಚ್ಚಿಸಿದವರಿಗೆ ಕೊನೆಗೆ ಕಿವಿಯೂ ಕೇಳಿಸುವುದಿಲ್ಲ. ಗೆದ್ದೇ ಗೆಲ್ಲುತ್ತೀರಿ ಎಂಬ ವರದಿಗಳನ್ನು ನಂಬಿ ಇಂದಿರಾ ಚುನಾವಣೆಗೆ ಹೋದರೆಂದು ಆ ಕಾಲವನ್ನು ಬಲ್ಲವರು ಬರೆದಿದ್ದಾರೆ. ಹೆದರಿದ ಅಧಿಕಾರಿ ಕೆಟ್ಟ ಸುದ್ದಿ ಹೇಳುವುದಿಲ್ಲ, ಸೆನ್ಸಾರಾದ ಪತ್ರಿಕೆ ಬರೆಯುವುದಿಲ್ಲ. ಅವರು ಸೋತು ಇಳಿದರು ಎಂಬುದು ಅವರ ಲೆಕ್ಕಕ್ಕೆ ಸೇರಬೇಕಾದ ಸಂಗತಿಯೇ. ಹಿಟ್ಲರನ ಜರ್ಮನಿಯಲ್ಲಿ 1933ರ ಫೆಬ್ರವರಿ 28ರಂದು ಹಕ್ಕುಗಳನ್ನು ‘ಸದ್ಯಕ್ಕೆ’ ಅಮಾನತಿನಲ್ಲಿಟ್ಟ ಆದೇಶ 1945ರ ತನಕ ಹಾಗೇ ಇತ್ತು.

ಜನತಾ ಸರ್ಕಾರ ಮೀಸಾ ರದ್ದು ಮಾಡಿತು. 1978ರ 44ನೇ ತಿದ್ದುಪಡಿಯಲ್ಲಿ ಜೀವದ ಹಕ್ಕನ್ನು ಇನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು ಬರೆದರು, ‘ಆಂತರಿಕ ಗಲಭೆ’ಯ ನೆಪ ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬಿಗಿ ಮಾಡಿದರು. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತಾನೇ ಅಳಿಸಿಹಾಕಿತು; 2017ರ ತೀರ್ಪಿಗೆ ಕಾರಣವಾದ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಉಳಿದದ್ದು ಮುಂಜಾಗ್ರತಾ ಬಂಧನ. ತಪ್ಪು ಮಾಡುವ ಮೊದಲೇ, ಮಾಡಬಹುದು ಎಂಬ ಅನುಮಾನದ ಮೇಲೆ ಒಳಗೆ ಹಾಕುವ ಅಧಿಕಾರ. ಇದು ಇಂದಿರಾ ಕಂಡುಹಿಡಿದದ್ದಲ್ಲ, ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಮುಂದೆ ಕಾಸರಗೋಡಿನ ಸಂಸದರಾದ ಎ.ಕೆ. ಗೋಪಾಲನ್ 1950ರಲ್ಲೇ ಮದ್ರಾಸ್ ಜೈಲಿನಿಂದ ಇದನ್ನು ಪ್ರಶ್ನಿಸಿ ಸೋತಿದ್ದರು. ಸಲಹಾ ಮಂಡಳಿಯ ಮುಂದೆ ಇಡದೆ ಮೂರು ತಿಂಗಳು ಹಿಡಿದಿಡಬಹುದು ಎಂಬುದು ಅಲ್ಲಿನ ನಿಯಮ. ಜೈಲು ಕಂಡು ಬಂದವರೇ ತುಂಬಿದ್ದ 1978ರ ಸಂಸತ್ತು ಅದನ್ನು ಎರಡು ತಿಂಗಳಿಗೆ ಇಳಿಸಿತು. ಮಂಡಳಿಯ ಸದಸ್ಯರನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆಯೇ ನೇಮಿಸಬೇಕೆಂದೂ ಸೇರಿಸಿತು. ಇದು 44ನೇ ತಿದ್ದುಪಡಿಯ 3ನೇ ಕಲಮು. ಯಾವ ದಿನದಿಂದ ಜಾರಿ ಎಂಬುದನ್ನು ಮಾತ್ರ ಸರ್ಕಾರದ ಅಧಿಸೂಚನೆಗೆ ಬಿಟ್ಟಿತು.

ಜನತಾ ಸರ್ಕಾರ ಬೀಳುವ ತನಕ ಆ ಅಧಿಸೂಚನೆ ಹೊರಡಲಿಲ್ಲ. 1980ರಲ್ಲಿ ಮರಳಿ ಬಂದ ಇಂದಿರಾ ರಾಷ್ಟ್ರೀಯ ಭದ್ರತಾ ಕಾಯ್ದೆ ತಂದರು, ಅವರೂ ಹೊರಡಿಸಲಿಲ್ಲ. ಹೊರಡಿಸುವಂತೆ ಹೇಳಿ ಎಂದು ಎ.ಕೆ. ರಾಯ್ ಎಂಬ ಸಂಸದರು ಸುಪ್ರೀಂ ಕೋರ್ಟಿಗೆ ಹೋದರೆ, 1981ರ ಡಿಸೆಂಬರಿನಲ್ಲಿ ಕೋರ್ಟು ಬಹುಮತದಿಂದ ಅದು ಸರ್ಕಾರಕ್ಕೆ ಬಿಟ್ಟದ್ದು ಎಂದಿತು. 1998ರಿಂದ 2004ರ ತನಕ ವಾಜಪೇಯಿ ಪ್ರಧಾನಿ, ಅಡ್ವಾಣಿ ಗೃಹಮಂತ್ರಿ, ಅದರ ಬಹುಪಾಲು ಜಾರ್ಜ್ ಫೆರ್ನಾಂಡಿಸ್ ರಕ್ಷಣಾ ಮಂತ್ರಿ. ಮೂವರೂ ಎಮರ್ಜೆನ್ಸಿಯ ಕೈದಿಗಳು. ಅವರು ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆ ತಂದರು, ಅಧಿಸೂಚನೆ ಹೊರಡಿಸಲಿಲ್ಲ. ಅವರ ನಂತರದ ಹತ್ತು ವರ್ಷದ ಕಾಂಗ್ರೆಸ್ ಸರ್ಕಾರವೂ ಇಲ್ಲ. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ’ವಾಗಿ ಆಚರಿಸಬೇಕೆಂದು ಗೆಜೆಟ್‌ನಲ್ಲಿ ಪ್ರಕಟಿಸಿತು. ಅದೇ ಗೆಜೆಟ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ 3ನೇ ಕಲಮಿನ ಅಧಿಸೂಚನೆ ಈ ತನಕ ಬಂದಿಲ್ಲ.